ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಸಂಘದ ಬಲ ಬೇಕು

2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು, ಅವರಲ್ಲಿ ಹೆಚ್ಚಿನವರು ಹೆಂಗಸರು, ಹೊಲಿಗೆ ಯಂತ್ರ ಬಿಟ್ಟು ರಸ್ತೆಗಿಳಿದರು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಅವರನ್ನು ಕೆರಳಿಸಿತ್ತು. ಕೆಲಸ ಬಿಟ್ಟಾಗ ಸಿಗುವ ಆ ಹಣವೇ ಮಕ್ಕಳ ಫೀಸಿಗೆ, ಕೈಸಾಲ ತೀರಿಸಲು ಆಧಾರ. ಎರಡನೇ ದಿನವೇ ಕೇಂದ್ರ ಸರ್ಕಾರ ನಿಯಮ ಕೈಬಿಟ್ಟಿತು. ಯಾವ ಸಂಘವೂ ಮುಷ್ಕರಕ್ಕೆ ಕರೆ ಕೊಟ್ಟಿರಲಿಲ್ಲ.

ಹಾಗಾದರೆ ಸಂಘವೇಕೆ ಎಂದು ಕೇಳುವವರಿದ್ದಾರೆ. ಸಿಟ್ಟು ಒಂದು ಆದೇಶವನ್ನು ತಡೆಯಬಲ್ಲದು. ಆದರೆ ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ಟನ್ನು, ಅದು ತಪ್ಪಿದಾಗ ಸೂಪರ್‌ವೈಸರ್ ಆಡುವ ಮಾತನ್ನು, ಶೌಚಾಲಯಕ್ಕೆ ಹೋಗಲೂ ಅಂಜುವ ಸ್ಥಿತಿಯನ್ನು ದಿನದಿನವೂ ಕೂತು ಮಾತಾಡಿಯೇ ಸರಿಪಡಿಸಬೇಕು. ಮೈಸೂರು ರಸ್ತೆ, ಪೀಣ್ಯದ ಕಾರ್ಖಾನೆಗಳಲ್ಲಿ ಆ ಮಾತು ಆಡುವವರೇ ವಿರಳ. ಮುಂದಾಳಾದವಳಿಗೆ ಕೆಲಸ ಹೋಗುವ ಭಯ.

ಸಂಘ ಬಂದರೆ ಕಾರ್ಖಾನೆ ಬೇರೆ ಊರಿಗೆ ಹೋಗುತ್ತದೆ ಎಂಬ ಆತಂಕ ಸುಳ್ಳಲ್ಲ. ಆದರೆ ಸಂಘವಿಲ್ಲದ ಕಡೆಯೂ ಕಡಿಮೆ ಕೂಲಿ ಹುಡುಕಿಕೊಂಡು ಕಾರ್ಖಾನೆಗಳು ಹೋಗುತ್ತಲೇ ಇವೆ. ಮೌನದಿಂದ ಕೆಲಸ ಉಳಿದಿಲ್ಲ. 2025ರ ನವೆಂಬರ್ 21ರಂದು ಜಾರಿಯಾದ ಕಾರ್ಮಿಕ ಸಂಹಿತೆಯ ಪ್ರಕಾರ ಹಲವು ಸಂಘಗಳಿರುವಲ್ಲಿ ಮಾಲೀಕರೊಂದಿಗೆ ಮಾತುಕತೆ ನಡೆಸುವ ಏಕೈಕ ಸಂಘವಾಗಲು ಶೇ. 51 ಕಾರ್ಮಿಕರ ಬೆಂಬಲ ಬೇಕು. ಕೆಲಸ ಹೋಗುವ ಭಯವಿದ್ದರೆ ಅಷ್ಟು ಮಂದಿ ಸೇರುವುದಿಲ್ಲ; ಆದ್ದರಿಂದ ಸದಸ್ಯೆಯಾದವಳ ಕೆಲಸಕ್ಕೆ ರಕ್ಷಣೆ ಕೊಡುವ ಹೊಣೆಯನ್ನು ರಾಜ್ಯದ ಕಾರ್ಮಿಕ ಇಲಾಖೆ ಮೊದಲು ಹೊರಲಿ.