134 ಮೀಟರ್ ಕಡಲು, ಒಂದು ಮೈಕ್ರಾನ್ ಜೀವಿ

ನಾರ್ವೆಯ ಓಸ್ಲೋ ಫ್ಯೋರ್ಡ್ ಸುರಂಗದ ತಳ ಇರುವುದು ಸಮುದ್ರಮಟ್ಟಕ್ಕಿಂತ 134 ಮೀಟರ್ ಕೆಳಗೆ. ಅಷ್ಟು ಆಳದಲ್ಲಿ ಕಡಲು ಒಂದು ಚದರ ಮೀಟರ್ ಮೇಲೆ ಹೇರುವ ಭಾರ ಸುಮಾರು 137 ಟನ್. ಒಳಮೈಗೆ ಎರಚಿದ, ಗೇಣು ದಪ್ಪವೂ ಇಲ್ಲದ ಕಾಂಕ್ರೀಟ್ ಇದನ್ನು ತಡೆದು ನಿಂತಿದೆಯೆಂದು ಯಾರಿಗಾದರೂ ಅನಿಸೀತು. ಇಲ್ಲ. ಭಾರ ಹೊರುವುದು ಬಂಡೆ. ಸಡಿಲ ಕಲ್ಲು ಉದುರದಂತೆ ಹಿಡಿಯುವುದಷ್ಟೇ ಕಾಂಕ್ರೀಟಿನ ಕೆಲಸ. ನೀರು ಸೋರಲಿ ಎಂದೇ ಬಿಡುತ್ತಾರೆ.

ಬಿಡುವುದಕ್ಕೂ ಮಿತಿ ಉಂಟು. ಬಂಡೆ ಸಿಡಿಸುವ ಮೊದಲೇ ಅದರ ಬಿರುಕುಗಳಿಗೆ ಸಿಮೆಂಟ್ ತುಂಬಿ, ಸೋರಿಕೆಯನ್ನು ಕಿಲೋಮೀಟರಿಗೆ ನಿಮಿಷಕ್ಕೆ 300 ಲೀಟರ್ ಒಳಗೆ ತರುವುದು ಅಲ್ಲಿನ ವಾಡಿಕೆಯ ಗುರಿ. 7.3 ಕಿಲೋಮೀಟರ್ ಸುರಂಗಕ್ಕೆ ಇದನ್ನೇ ಗುಣಿಸಿದರೆ ದಿನಕ್ಕೆ 31 ಲಕ್ಷ ಲೀಟರ್ ದಾಟುತ್ತದೆ: ಬೆಂಗಳೂರಿನ 12,000 ಲೀಟರಿನ ಟ್ಯಾಂಕರುಗಳಾದರೆ 260. ಉಪ್ಪುನೀರು, ಬಿಡಿ, ಯಾರಿಗೂ ಬೇಡ.

ಬೇಕಾದವರು ಗೋಡೆಯ ಮೇಲೆಯೇ ಇದ್ದಾರೆ. ನೀರು ಜಿನುಗುವ ಕಡೆ ತುಕ್ಕುಬಣ್ಣದ, ಅಲ್ಲಲ್ಲಿ ಕಪ್ಪಾದ ಲೋಳೆ ಬೆಳೆಯುತ್ತದೆ. ಅದರಲ್ಲಿರುವ ಬ್ಯಾಕ್ಟೀರಿಯಾ ಒಂದೊಂದೂ ಹೆಚ್ಚುಕಡಿಮೆ ಒಂದು ಮೈಕ್ರಾನ್. ಮಿಲಿಮೀಟರಿಗೆ ಸಾವಿರ ಸಾಲುಗಟ್ಟಬಹುದು. ಬಿಸಿಲಿಲ್ಲದ ಕಡೆ ಇವುಗಳ ಊಟ ಕಬ್ಬಿಣ, ಮ್ಯಾಂಗನೀಸ್, ಗಂಧಕ, ಸಾರಜನಕದ ಸಂಯುಕ್ತಗಳು. ಉಂಡ ಮೇಲೆ ಸುತ್ತ ಆಮ್ಲದ ಗುಣ ಹೆಚ್ಚುತ್ತದೆ.

ಒಳ್ಳೆಯ ಕಾಂಕ್ರೀಟಿನ ಪಿಎಚ್ ಸುಮಾರು 13, ಸಮುದ್ರದ ನೀರಿನದು 8. ಐದೇ ಅಂಕಿ ವ್ಯತ್ಯಾಸ ಅನಿಸಬಹುದು, ಆದರೆ ಪಿಎಚ್ ಅಳತೆಯಲ್ಲಿ ಒಂದೊಂದು ಅಂಕಿಯೂ ಹತ್ತು ಪಟ್ಟು. ಐದೆಂದರೆ ಕಾಂಕ್ರೀಟ್ ಒಂದು ಲಕ್ಷ ಪಟ್ಟು ಹೆಚ್ಚು ಕ್ಷಾರ. ಆ ಕ್ಷಾರದ ಕಾವಲು ಸಡಿಲವಾದರೆ, ಕಾಂಕ್ರೀಟನ್ನು ಬಿಗಿಯಾಗಿಡಲು ಬೆರೆಸಿದ, ಬೆರಳ ಎರಡು ಗೆಣ್ಣಿನಷ್ಟೂ ಉದ್ದವಿಲ್ಲದ ಉಕ್ಕಿನ ಎಳೆಗಳಿಗೆ ತುಕ್ಕು ಹತ್ತುತ್ತದೆ. ಸಿಮೆಂಟಿನ ಸುಣ್ಣ ಕರಗಿ ಗೋಡೆಯ ಮೈ ಪೊಳ್ಳಾಗುತ್ತದೆ. ಈ ಸುರಂಗದ ಎರಡು ಜಾಗಗಳನ್ನು ಐದು ವರ್ಷ ಗಮನಿಸಿದ ಸಂಶೋಧಕರಿಗೆ ಕಂಡದ್ದು ಇದೇ. ಸುರಂಗ ತೆರೆದದ್ದು 2000ದಲ್ಲಿ; ಕಾಂಕ್ರೀಟಿನ ಲೆಕ್ಕದಲ್ಲಿ ಇನ್ನೂ ಎಳೆಯದು.

ಹಾಗೆಂದು ಗಾಬರಿ ಬೇಡ: ಈ ಸವೆತ ಉಪ್ಪುನೀರು ಸೋರಿ ಲೋಳೆ ಕಟ್ಟಿದ ಕಡೆಗಳ ಕಥೆ. ನನಗೆ ಕುತೂಹಲವಿರುವುದು ಸ್ಟಾವಾಂಗರ್ ಹತ್ತಿರ ಈಗ ಕೊರೆಯುತ್ತಿರುವ ರೋಗ್‌ಫಾಸ್ಟ್ ಸುರಂಗದ ಬಗ್ಗೆ. ಉದ್ದ ಸುಮಾರು 27 ಕಿಲೋಮೀಟರ್, ಆಳ 392 ಮೀಟರ್, ಚದರ ಮೀಟರಿಗೆ 400 ಟನ್. ಆ ಒತ್ತಡದಲ್ಲಿ ಬಿರುಕಿನಿಂದ ಬರುವ ಉಪ್ಪುನೀರಿಗೆ ಎಲ್ಲೆಲ್ಲಿ ಲೋಳೆ ಕಟ್ಟುತ್ತದೆ ಎಂದು ವಾಹನ ಓಡಾಡಲು ಶುರುವಾದ ಮೇಲೂ ವರ್ಷಗಟ್ಟಲೆ ಹುಡುಕುತ್ತಲೇ ಇರಬೇಕಾದೀತು.