ಬೆಳಕು ಮೊದಲು, ಸದ್ದು ನಂತರ: ಕ್ಷುದ್ರಗ್ರಹದ ಪಾಠಕ್ಕೊಂದು ಸಿದ್ಧತೆ

ಅಭ್ಯಾಸ ಬೋಧನೆಗೆಂದು ಮೊರಬದಲ್ಲಿದ್ದಾಗ ಎಂಟನೆಯ ತರಗತಿಗೆ ಸೌರವ್ಯೂಹದ ಪಾಠ ಮಾಡುತ್ತಿದ್ದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು: “ಸರ, ಅಂಥಾ ಕಲ್ಲು ನಮ್ಮೂರ ಮ್ಯಾಲ ಬಿದ್ರ ಏನಾಗತೈತ್ರಿ?” ನನ್ನ ಪಾಠಯೋಜನೆಯಲ್ಲಿ ಕ್ಷುದ್ರಗ್ರಹದ ವ್ಯಾಖ್ಯೆ ಇತ್ತು, ಈ ಪ್ರಶ್ನೆಗೆ ಉತ್ತರ ಇರಲಿಲ್ಲ. “ಹಂಗೇನೂ ಆಗೂದಿಲ್ಲ, ಕುಂಡ್ರು” ಎಂದುಬಿಟ್ಟೆ. ಅದು ತಪ್ಪು ಉತ್ತರ. ಮರುದಿನದ ಅವಧಿಗೆ ಮಾಡಿಕೊಂಡ ಸಿದ್ಧತೆಯನ್ನು ಇಲ್ಲಿ ಕೊಟ್ಟಿದ್ದೇನೆ.

ಪರಿಕಲ್ಪನೆ

ಕ್ಷುದ್ರಗ್ರಹಗಳಲ್ಲಿ ಹೆಚ್ಚಿನವು ಮಂಗಳ ಮತ್ತು ಗುರು ಗ್ರಹಗಳ ಕಕ್ಷೆಗಳ ನಡುವೆ ಸುತ್ತುತ್ತವೆ. ಕೆಲವು ಭೂಮಿಯ ಕಕ್ಷೆಯ ಸಮೀಪಕ್ಕೂ ಬರುತ್ತವೆ. ಬಾಹ್ಯಾಕಾಶದ ಕಲ್ಲು ವಾತಾವರಣದಲ್ಲಿ ಉರಿಯುವಾಗ ಕಾಣುವ ಬೆಳಕಿನ ಗೆರೆ ಉಲ್ಕೆ; ಉರಿದು ಉಳಿದು ನೆಲ ಮುಟ್ಟಿದ್ದು ಉಲ್ಕಾಶಿಲೆ. ನಮ್ಮ ರಾಜ್ಯದ ಉಡುಪಿಯಲ್ಲಿ 1866ರಲ್ಲಿ ಇಂಥದೊಂದು ಶಿಲೆ ಬಿದ್ದ ದಾಖಲೆ ಇದೆ.

ಅಪಾಯವನ್ನು ಗಾತ್ರದೊಂದಿಗೆ ಜೋಡಿಸಿ ಹೇಳಬೇಕು. ಸಣ್ಣ ಕಣಗಳು ದಿನವೂ ಉರಿದುಹೋಗುತ್ತವೆ. 1908ರ ಜೂನ್ 30ರಂದು ಸೈಬೀರಿಯಾದ ತುಂಗುಸ್ಕಾ ಪ್ರದೇಶದ ಮೇಲೆ, ಗಾಳಿಯಲ್ಲೇ ಆದ ಸ್ಫೋಟವು 2,000 ಚದರ ಕಿ.ಮೀ.ಗೂ ಹೆಚ್ಚು ಕಾಡನ್ನು ಕೆಡವಿತು. ಅದು ಧಾರವಾಡ ಜಿಲ್ಲೆಯ ಸುಮಾರು ಅರ್ಧದಷ್ಟು ವಿಸ್ತೀರ್ಣ. ಮಹಾರಾಷ್ಟ್ರದ ಬುಲಢಾಣಾ ಜಿಲ್ಲೆಯ ಲೋನಾರ್ ಸರೋವರ ಇಂಥ ಅಪ್ಪಳಿಕೆಯಿಂದಲೇ ಆದ, ಸುಮಾರು 1.8 ಕಿ.ಮೀ. ಅಗಲದ ಕುಳಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಮೆಕ್ಸಿಕೋದಲ್ಲಿ ಅಪ್ಪಳಿಸಿದ್ದು 10 ಕಿ.ಮೀ. ಆಸುಪಾಸಿನ ಕ್ಷುದ್ರಗ್ರಹ, ಡೈನೊಸಾರ್‌ಗಳ ಅಳಿವಿಗೆ ಅದು ಮುಖ್ಯ ಕಾರಣವೆಂಬುದು ಹೆಚ್ಚಿನ ವಿಜ್ಞಾನಿಗಳ ಅಭಿಪ್ರಾಯ. ಗಾತ್ರ ದೊಡ್ಡದಾದಷ್ಟೂ ಘಟನೆ ಅಪರೂಪ. ಈ ಮಾತನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ.

ಚಟುವಟಿಕೆ

ಅಗಲವಾದ ತಟ್ಟೆಯಲ್ಲಿ ಹೊಲದ ಒಣ ಎರೆಮಣ್ಣಿನ ಪುಡಿಯನ್ನು ನಾಲ್ಕು ಬೆರಳು ದಪ್ಪಕ್ಕೆ ಹರಡಿ. ಒಂದೇ ಗೋಲಿಯನ್ನು ಮೊಣಕಾಲು, ಎದೆ, ತಲೆಯ ಎತ್ತರದಿಂದ ಬೀಳಿಸಿ, ಕುಳಿಗಳ ಅಗಲವನ್ನು ಮಕ್ಕಳಿಂದಲೇ ಅಳೆಸಿ. ವೇಗ ಹೆಚ್ಚಿದಂತೆ ಕುಳಿ ಹಿಗ್ಗುವುದನ್ನು ಅವರೇ ಹೇಳುತ್ತಾರೆ. ಒಂದು ಮಿತಿಯನ್ನು ನೀವು ಹೇಳಲೇಬೇಕು: ಗೋಲಿ ಕುಳಿಯಲ್ಲಿ ಹಾಗೆಯೇ ಉಳಿಯುತ್ತದೆ, ದೊಡ್ಡ ಕ್ಷುದ್ರಗ್ರಹ ಬಡಿದಾಗ ಶಾಖಕ್ಕೆ ಅದರ ಬಹುಪಾಲು ಕರಗಿ ಆವಿಯಾಗುತ್ತದೆ.

ಒಬ್ಬ ಶಿಕ್ಷಕಿಯ ನಿರ್ಧಾರ

2013ರ ಫೆಬ್ರುವರಿ 15ರ ಬೆಳಿಗ್ಗೆ ರಷ್ಯಾದ ಚೆಲ್ಯಾಬಿನ್ಸ್ಕ್ ಬಳಿ ಸುಮಾರು 20 ಮೀಟರ್ ಅಗಲದ ಕಲ್ಲು ಸೆಕೆಂಡಿಗೆ 19 ಕಿ.ಮೀ. ವೇಗದಲ್ಲಿ ಬಂತು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೆಚ್ಚುಕಡಿಮೆ ಒಂದೇ ಸೆಕೆಂಡು! ಸೂರ್ಯನ ದಿಕ್ಕಿನಿಂದ ಬಂದದ್ದರಿಂದ ಯಾರೂ ಮೊದಲೇ ಗುರುತಿಸಲಿಲ್ಲ. ಸುಮಾರು 30 ಕಿ.ಮೀ. ಎತ್ತರದಲ್ಲಿ ಅದು ಸಿಡಿಯಿತು. ಬೆಳಕು ಕಂಡ ಜನ ಕಿಟಕಿಗಳತ್ತ ಓಡಿದರು. ಆಘಾತ ತರಂಗ ಎರಡು ನಿಮಿಷಗಳ ನಂತರ ತಲುಪಿ ಗಾಜುಗಳನ್ನು ಒಡೆಯಿತು. ಗಾಯಗೊಂಡವರು ಸುಮಾರು 1,500 ಮಂದಿ, ಬಹುತೇಕರು ಗಾಜಿನ ಚೂರುಗಳಿಂದ.

ಅಲ್ಲಿಯ ನಾಲ್ಕನೆಯ ತರಗತಿಯ ಶಿಕ್ಷಕಿಯೊಬ್ಬರಿಗೆ ಆ ಬೆಳಕು ಏನೆಂದು ಗೊತ್ತಿರಲಿಲ್ಲ. ಆದರೂ 44 ಮಕ್ಕಳನ್ನು ಡೆಸ್ಕಿನ ಕೆಳಗೆ ಅಡಗಲು ಹೇಳಿದರು. ಅವರಿಗೆ ಗಾಜು ತಗಲಿ ಗಾಯವಾಯಿತು, ಮಕ್ಕಳಿಗೆ ಏನೂ ಆಗಲಿಲ್ಲ. ಮಿಂಚು ಮೊದಲು, ಗುಡುಗು ನಂತರ ಎಂಬ ನಮ್ಮ ಪಾಠಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಭಯವಲ್ಲ, ತಿಳಿವು

ಭೂಕಂಪವನ್ನು ತಡೆಯಲಾಗದು, ಕ್ಷುದ್ರಗ್ರಹದ ದಾರಿ ಬದಲಿಸಬಹುದು. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ, ಸುಮಾರು 160 ಮೀಟರ್ ಅಗಲದ ಡೈಮಾರ್ಫಸ್‌ಗೆ ಬೇಕೆಂದೇ ಡಿಕ್ಕಿ ಹೊಡೆದು, ಅದರ ಸುತ್ತಾಟದ ಅವಧಿಯನ್ನು ಸುಮಾರು 32 ನಿಮಿಷ ತಗ್ಗಿಸಿತು. 2029ರ ಏಪ್ರಿಲ್ 13ರಂದು ಅಪೋಫಿಸ್ ಭೂಮಿಯಿಂದ ಸುಮಾರು 32,000 ಕಿ.ಮೀ. ದೂರದಲ್ಲಿ ಹಾದುಹೋಗಲಿದೆ, ಡಿಕ್ಕಿಯಾಗುವುದಿಲ್ಲವೆಂದು ಲೆಕ್ಕ ಖಚಿತಪಡಿಸಿದೆ. ಆ ದಿನ ವದಂತಿ ಹಬ್ಬಿದರೆ ಊರವರಿಗೆ ತಿಳಿಹೇಳುವವರು ಇದೇ ಮಕ್ಕಳು.

ಮೌಲ್ಯಮಾಪನಕ್ಕೆ ಒಂದು ಪ್ರಶ್ನೆ: ಸ್ಫೋಟದ ಬೆಳಕು ಕಂಡ 100 ಸೆಕೆಂಡುಗಳ ನಂತರ ಸದ್ದು ಕೇಳಿದರೆ, ಸ್ಫೋಟ ಎಷ್ಟು ದೂರದಲ್ಲಾಯಿತು? ಸದ್ದಿನ ವೇಗ ಸೆಕೆಂಡಿಗೆ 340 ಮೀಟರ್ ಎಂದಿಟ್ಟುಕೊಳ್ಳಿ. ಅದೇ ಹುಡುಗಿ ಮೊದಲು ಕೈ ಎತ್ತಿದಳು: “ಮೂವತ್ನಾಕು ಕಿಲೋಮೀಟರ್ ರೀ. ಅಲ್ಲೀತನಾ ಕಿಟಕಿ ಹತ್ರ ಹೋಗಬಾರ್ದ್ರಿ.”