ಟೆನ್ಶನ್ ಎಂಬ ಒಂದೇ ಪದ

ಹದಿಹರೆಯದ ಮಕ್ಕಳ ಸಿಟ್ಟನ್ನು ಉದ್ಧಟತನವೆಂದೂ ಅವರ ಮಂಕನ್ನು ಸೋಮಾರಿತನವೆಂದೂ ಎಣಿಸುವ ರೂಢಿ ಹಳೆಯದು. ಆದರೆ ಇವೆರಡೂ ಬಹುಮಟ್ಟಿಗೆ ಒಂದೇ ಒತ್ತಡದ ಎರಡು ಮುಖಗಳೆಂಬುದಕ್ಕೆ ಹೈದರಾಬಾದಿನ ‘ಇಂಟರ್’ ಓದು ಕಣ್ಣೆದುರಿನ ನಿದರ್ಶನವಾಗಿದೆ. ಕರ್ನಾಟಕದಲ್ಲಿ ಪಿಯುಸಿ ಎನ್ನುವ ಎರಡು ವರ್ಷಗಳ ವ್ಯಾಸಂಗಕ್ಕೆ ತೆಲಂಗಾಣದಲ್ಲಿ ಇಂಟರ್‌ಮೀಡಿಯೆಟ್ ಎಂದು ಹೆಸರು. ಬೀದರ್, ಕಲಬುರಗಿ, ರಾಯಚೂರು ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರವಾದ್ದರಿಂದ ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳನ್ನು ಅಲ್ಲಿನ ವಸತಿ ಕಾಲೇಜುಗಳಿಗೆ ಸೇರಿಸುವುದುಂಟು. ಕಾಚಿಗುಡದಲ್ಲಿ ನೃಪತುಂಗ ಶಾಲೆಯನ್ನು ಕಟ್ಟಿ ಬೆಳೆಸಿದ ಹೈದರಾಬಾದಿನ ಕನ್ನಡಿಗರ ಮಕ್ಕಳಿಗೂ ಹತ್ತನೆಯ ತರಗತಿಯ ಅನಂತರ ಕಾಣುವ ದಾರಿ ಇದೇ.

ಈ ಕಾಲೇಜುಗಳಲ್ಲಿ ಹಲವನ್ನು ಜನ ‘ಕಾರ್ಪೊರೇಟ್ ಕಾಲೇಜು’ ಎನ್ನುತ್ತಾರೆ. ನಗರದ ತುಂಬ ಶಾಖೆಗಳನ್ನು ತೆರೆದು, ಇಂಟರ್ ಪಾಠದ ಜೊತೆಗೆ ಜೆಇಇ, ನೀಟ್ ಪ್ರವೇಶ ಪರೀಕ್ಷೆಗಳ ತರಬೇತಿಯನ್ನೂ ಒಂದೇ ಸೂರಿನಡಿ ಕೊಡುವ ಖಾಸಗಿ ಸಂಸ್ಥೆಗಳಿವು. ಬೆಳಗಿನ ಸ್ಟಡಿ ಅವರಿನಿಂದ ರಾತ್ರಿಯ ಸ್ಟಡಿ ಅವರಿನವರೆಗೆ ದಿನ ಕಟ್ಟಿಹೋಗಿರುತ್ತದೆ. ವಾರದ ಟೆಸ್ಟಿನಲ್ಲಿ ಬಂದ ರ‍್ಯಾಂಕಿಗೆ ತಕ್ಕಂತೆ ಸೆಕ್ಷನ್ ಬದಲಾಗುವುದೂ ಉಂಟು, ಹಾಗೆ ಕೆಳಗಿನ ಸೆಕ್ಷನ್ನಿಗೆ ಇಳಿದ ಹುಡುಗ ಅಂಕಗಳ ಜೊತೆಗೆ ಪಕ್ಕದ ಬೆಂಚಿನ ಗೆಳೆಯನನ್ನೂ ಕಳೆದುಕೊಳ್ಳುತ್ತಾನೆ. ಇಂತಹ ಕಾಲೇಜುಗಳಲ್ಲಿನ ವಿದ್ಯಾರ್ಥಿಗಳ ಆತ್ಮಹತ್ಯೆಗಳ ಕಾರಣ ಹುಡುಕಲು ಅವಿಭಜಿತ ಆಂಧ್ರಪ್ರದೇಶದ ಸರ್ಕಾರ 2001ರಷ್ಟು ಹಿಂದೆಯೇ ನೀರದಾ ರೆಡ್ಡಿ ಸಮಿತಿಯನ್ನು ನೇಮಿಸಿತ್ತೆಂಬುದನ್ನು ನೆನೆದರೆ, ಸಮಸ್ಯೆ ಇಂದಿನ ಮಕ್ಕಳ ‘ಮೊಬೈಲ್ ಹುಚ್ಚಿನಿಂದ’ ಹುಟ್ಟಿದ್ದಲ್ಲವೆಂಬುದು ತಾನಾಗಿ ಸ್ಪಷ್ಟವಾಗುತ್ತದೆ.

2019ರ ಏಪ್ರಿಲ್ 18ರಂದು ತೆಲಂಗಾಣದ ಇಂಟರ್ ಫಲಿತಾಂಶ ಪ್ರಕಟವಾದಾಗ ಅನುತ್ತೀರ್ಣರಾದವರ ಸಂಖ್ಯೆ 3 ಲಕ್ಷವನ್ನು ಮೀರಿತ್ತು. ತೆಲುಗಿನಲ್ಲಿ 99 ಅಂಕ ಗಳಿಸಿದ್ದ ಒಬ್ಬ ವಿದ್ಯಾರ್ಥಿನಿಯ ಅಂಕಪಟ್ಟಿಯಲ್ಲಿ ಸೊನ್ನೆ ನಮೂದಾಗಿದ್ದುದೂ ಸೇರಿದಂತೆ ಅನೇಕ ತಪ್ಪುಗಳು ಹೊರಬಿದ್ದವು. ಕೆಲವೇ ದಿನಗಳಲ್ಲಿ 20ಕ್ಕೂ ಹೆಚ್ಚು ಮಕ್ಕಳು ಪ್ರಾಣ ಕಳೆದುಕೊಂಡರು. ಅನುತ್ತೀರ್ಣರ ಉತ್ತರಪತ್ರಿಕೆಗಳನ್ನೆಲ್ಲ ಉಚಿತವಾಗಿ ಮರುಪರಿಶೀಲಿಸಿದಾಗ ಸಾವಿರಕ್ಕೂ ಹೆಚ್ಚು ಮಂದಿ ತೇರ್ಗಡೆಯಾದರು. ಯಾವುದೇ ಸಾವಿಗೆ ಒಂದೇ ಕಾರಣವನ್ನು ಹೇಳುವುದು ಸರಿಯಲ್ಲವೆಂದು ಮನೋವೈದ್ಯರು ಎಚ್ಚರಿಸುತ್ತಾರೆ, ಅದು ನಿಜವೂ ಹೌದು; ಆದರೂ ವ್ಯವಸ್ಥೆಯೇ ತಪ್ಪೆಸಗಿದಾಗಲೂ ಮಗು ತನ್ನನ್ನೇ ತಪ್ಪುಗಾರನೆಂದು ನಂಬುವಂತೆ ಬೆಳೆಸಿದ್ದು ಯಾರು ಎಂಬ ಪ್ರಶ್ನೆಯಿಂದ ಹಿರಿಯರು ನುಣುಚಿಕೊಳ್ಳುವಂತಿಲ್ಲ.

ಒತ್ತಡವೆಂಬುದು ದೇಹದ ಒಂದು ಸಿದ್ಧತೆ. ಅಪಾಯದ ಸುಳಿವು ಸಿಕ್ಕೊಡನೆ ಮಿದುಳಿನ ಆಳದಲ್ಲಿರುವ, ಬಾದಾಮಿ ಆಕಾರದ ಅಮಿಗ್ಡಲಾ ಎಂಬ ಭಾಗ ಎಚ್ಚರಿಕೆ ಕೊಡುತ್ತದೆ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಕ್ಷಣಮಾತ್ರದಲ್ಲಿ ಸುರಿಸುತ್ತವೆ, ಅದರ ಬೆನ್ನಿಗೇ ನಿಧಾನವಾಗಿ ಬಂದು ಹೆಚ್ಚು ಹೊತ್ತು ಉಳಿಯುವ ಕಾರ್ಟಿಸಾಲ್ ಸ್ರವಿಸುತ್ತದೆ. ಎದೆ ಬಡಿತ ಏರಿ, ಸ್ನಾಯುಗಳು ಬಿಗಿದು, ದೇಹವು ಹೊಡೆದಾಟಕ್ಕೋ ಓಟಕ್ಕೋ ಅಣಿಯಾಗುತ್ತದೆ. ಈ ಉದ್ವೇಗಕ್ಕೆ ಕಡಿವಾಣ ಹಾಕಿ ಪರಿಣಾಮವನ್ನು ತೂಗಿ ನೋಡುವ ಕೆಲಸ ಹಣೆಯ ಹಿಂದಿರುವ ಪ್ರಿಫ್ರಂಟಲ್ ಕಾರ್ಟೆಕ್ಸಿನದು; ಅದು ಪೂರ್ತಿ ಬಲಿಯಲು 25ರ ಆಸುಪಾಸಿನವರೆಗೆ ಕಾಲ ಹಿಡಿಯುತ್ತದೆ. ಹದಿನಾರರ ಮಗುವಿನ ಎಂಜಿನ್ ಹೊಸದು, ಬ್ರೇಕ್ ಇನ್ನೂ ಜೋಡಣೆಯಾಗುತ್ತಿರುವ ಸ್ಥಿತಿಯಲ್ಲಿದೆ. ಅದಕ್ಕೆ ನಿದ್ದೆಗೇಡು ಸೇರಿದರೆ ಸಿಟ್ಟು ಮೂಗಿನ ತುದಿಗೆ ಬಂದು ಕೂರುವುದು ಸಹಜವೇ: ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ಮೇಲಾಗಿ ನಿದ್ದೆ ಬರಿಸುವ ಮೆಲಟೋನಿನ್ ಹದಿಹರೆಯದಲ್ಲಿ ತಡವಾಗಿ ಸ್ರವಿಸುತ್ತದೆ. ರಾತ್ರಿ ಬೇಗ ಮಲಗಲಾರದ, ನಸುಕಿನಲ್ಲಿ ಏಳಲಾರದ ಮಗುವನ್ನು ಸೋಮಾರಿ ಎನ್ನುವ ಮುನ್ನ ಇದನ್ನು ನೆನೆಯಬೇಕು.

ಔಟಿಂಗಿಗೆಂದು ಮನೆಗೆ ಬಂದ ಹುಡುಗ ಚಪ್ಪಲಿ ಬಿಡುವ ಮೊದಲೇ “ಈ ಸರ್ತಿ ಎಷ್ಟ್ ಬಂದಾವಪಾ?” ಎಂಬ ಪ್ರಶ್ನೆ ಎದುರಾಗುತ್ತದೆ. ಆತ ಉತ್ತರಿಸದೆ ಕೋಣೆಗೆ ಹೋದರೆ “ನಿನ್ ಸಲುವಾಗಿ ಸಾಲ ಮಾಡೀವಿ” ಎಂಬ ಮಾತು ಬಾಗಿಲ ತನಕ ಹಿಂಬಾಲಿಸುತ್ತದೆ. ಬಾಗಿಲು ದಡಾರನೆ ಮುಚ್ಚಿಕೊಳ್ಳುತ್ತದೆ, ಬಡಿಸಿದ ತಟ್ಟೆ ಆರುತ್ತದೆ. ಆ ಸದ್ದಿನಲ್ಲಿ ಮನೆಯವರಿಗೆ ಕೇಳಿಸುವುದು ಸಿಟ್ಟು ಮಾತ್ರ. ಅದರೊಳಗೆ ಅವಮಾನ, ಹೆದರಿಕೆ, ಋಣದ ಭಾರ, ನಿದ್ದೆಗೇಡು ಎಲ್ಲವೂ ಇರಬಹುದು. ಆದರೆ ಮಗುವಿನ ಬಾಯಲ್ಲಿ ಇವಕ್ಕೆಲ್ಲ ಇರುವುದು ‘ಟೆನ್ಶನ್’ ಎಂಬ ಒಂದೇ ಪದ. ಮನೆಯಲ್ಲಿ ಕನ್ನಡ, ಹಾಸ್ಟೆಲಿನಲ್ಲಿ ತೆಲುಗು, ಬೀದಿಯಲ್ಲಿ ದಖನಿ, ಪುಸ್ತಕದಲ್ಲಿ ಇಂಗ್ಲಿಷ್ ಬಳಸುವ ಮಗುವಿಗೆ ನಾಲ್ಕು ಭಾಷೆಗಳಿದ್ದೂ ತನ್ನ ಸಂಕಟಕ್ಕೆ ಮಾತಿಲ್ಲದಂತಾಗುತ್ತದೆ. ಸಿಟ್ಟು, ಮುನಿಸು, ಸೆಡವು, ಕಿರಿಕಿರಿ, ದುಗುಡ, ಕಸಿವಿಸಿ ಎಂದು ಬಗೆಬಗೆಯಾಗಿ ಹೇಳಬಲ್ಲ ನುಡಿ ಮನೆಯಲ್ಲೇ ಇದೆ. ಅದನ್ನು ಅಂಕ ಕೇಳುವುದಕ್ಕಷ್ಟೇ ಬಳಸುವುದು ನಷ್ಟವೇ ಸರಿ. ಭಾವನೆಯನ್ನು ಪದದಲ್ಲಿ ಹೆಸರಿಸಿದಾಗ ಅಮಿಗ್ಡಲಾದ ಚಟುವಟಿಕೆ ತಗ್ಗುತ್ತದೆಂದು ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಮಿದುಳಿನ ಚಿತ್ರಣದ ಮೂಲಕ ತೋರಿಸಿದರು.

ಸಿಟ್ಟನ್ನು ದಿಂಬಿಗೆ ಗುದ್ದಿ ತೀರಿಸಿಕೊಂಡರೆ ಮನಸ್ಸು ಹಗುರಾಗುತ್ತದೆಂಬ ನಂಬಿಕೆ ವ್ಯಾಪಕವಾಗಿದ್ದರೂ ಅದಕ್ಕೆ ಆಧಾರವಿಲ್ಲ. ಮನೋವಿಜ್ಞಾನಿ ಬ್ರಾಡ್ ಬುಶ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮನ್ನು ಕೆಣಕಿದವನನ್ನು ನೆನೆಯುತ್ತ ಚೀಲಕ್ಕೆ ಗುದ್ದಿದವರ ಕೋಪ ಸುಮ್ಮನೆ ಕುಳಿತವರದಕ್ಕಿಂತ ಹೆಚ್ಚಾಗಿಯೇ ಉಳಿಯಿತು. ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡುವುದು, ಜಾಗ ಬಿಟ್ಟು ನಡೆದು ಬರುವುದು, ಮುಖ ತೊಳೆಯುವುದು ಇವು ಸಣ್ಣ ಉಪಾಯಗಳಾದರೂ ಉದ್ವೇಗವನ್ನು ಇಳಿಸಲು ನೆರವಾಗುತ್ತವೆ. ಹಿರಿಯರು ಆ ಹೊತ್ತಿನಲ್ಲಿ ಬುದ್ಧಿ ಹೇಳದಿರುವುದೂ ಒಂದು ಉಪಾಯವೇ, ಬಹುಶಃ ಎಲ್ಲಕ್ಕಿಂತ ಕಷ್ಟದ್ದು. ಸಿಟ್ಟು ಇಳಿದ ಮೇಲೆ ಮಾತಾಡಬೇಕು, ಆಗಲೂ ಬೈಗುಳಕ್ಕೋ ಬಾಗಿಲು ಒಡೆಯುವುದಕ್ಕೋ ಒಪ್ಪಿಗೆ ಕೊಡಬೇಕಿಲ್ಲ.

ಮನೆಯಲ್ಲಿ ಎಷ್ಟೇ ಸಂಯಮವಿದ್ದರೂ ಕಾಲೇಜು ಬದಲಾಗದಿದ್ದರೆ ಅದು ಅರ್ಧ ಕೆಲಸ. ವಿಶಾಖಪಟ್ಟಣದಲ್ಲಿ ನೀಟ್ ತರಬೇತಿ ಪಡೆಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ನೀಡಿದ ಮಾರ್ಗಸೂಚಿಯಂತೆ, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ತರಬೇತಿ ಪಡೆದ ಆಪ್ತಸಮಾಲೋಚಕರನ್ನು ನೇಮಿಸಬೇಕು, ಅಂಕಗಳ ಆಧಾರದ ಮೇಲೆ ಮಕ್ಕಳನ್ನು ಬೇರೆ ಬೇರೆ ಬ್ಯಾಚುಗಳಾಗಿ ಒಡೆಯಬಾರದು. ಇನ್ನೊಂದು ಸಣ್ಣ ಬದಲಾವಣೆ ಅದಕ್ಕೂ ಮುಂಚೆಯೇ ಆಗಿತ್ತು: ಇಂಟರ್ ಪರೀಕ್ಷೆಗೆ ಒಂದು ನಿಮಿಷ ತಡವಾದರೂ ಒಳಗೆ ಬಿಡದ ‘ಒಂದು ನಿಮಿಷದ ನಿಯಮ’ವನ್ನು ಸಡಿಲಿಸಿ ತೆಲಂಗಾಣ ಮಂಡಳಿ 2024ರಲ್ಲಿ 5 ನಿಮಿಷಗಳ ಅವಕಾಶ ಕೊಟ್ಟಿತು. ಗೇಟಿನ ಮುಂದೆ ಅಳುತ್ತ ನಿಂತ ಮಕ್ಕಳನ್ನು ಕಂಡವರಿಗೆ ಆ 5 ನಿಮಿಷಗಳ ಬೆಲೆ ಗೊತ್ತು.

ಕಿರಿಕಿರಿ, ನಿದ್ದೆಯ ಏರುಪೇರು, ಊಟ ಬೇಡವೆನ್ನುವುದು, ಗೆಳೆಯರಿಂದ ದೂರ ಸರಿಯುವುದು ಎರಡು ವಾರ ಮೀರಿ ಮುಂದುವರಿದರೆ ಅದು ಖಿನ್ನತೆಯಿರಬಹುದು. ಹದಿಹರೆಯದಲ್ಲಿ ಖಿನ್ನತೆಯು ಎಷ್ಟೋ ಸಲ ದುಃಖದ ಬದಲು ಸಿಡುಕಿನ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಬದುಕು ಸಾಕೆಂಬ ಮಾತು ಒಮ್ಮೆ ಬಂದರೂ ಎರಡು ವಾರ ಕಾಯುವಂತಿಲ್ಲ. ಹೈದರಾಬಾದಿನ ಎರ್ರಗಡ್ಡದಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆಯಿದೆ. ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿಯುವವರಿಗೆ, ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಸಂಖ್ಯೆಯಲ್ಲಿ ಹಗಲೂ ರಾತ್ರಿ ಉಚಿತವಾಗಿ ದೊರೆಯುತ್ತದೆ. ಕರೆ ಮಾಡಿದೊಡನೆ ಅದು ಮೊದಲು ಕೇಳುವುದು ಯಾವ ಭಾಷೆಯಲ್ಲಿ ಮಾತಾಡಬೇಕೆಂಬುದನ್ನು. ಆ ಪಟ್ಟಿಯಲ್ಲಿ ತೆಲುಗೂ ಇದೆ, ಕನ್ನಡವೂ ಇದೆ.